ಆಯಿಯ ಫಿಯಟ್ಟಿನ ರೇಟು

ಕಾರಿಗೆ ಮೊದಲು ರೇಟು ಕಟ್ಟಿದವನು ಅಂಕೋಲೆಯ ಗುಜರಿಯವನು. ಹಟ್ಟಿಕೇರಿಯ ಶೆಡ್ಡಿಗೆ ಬಂದ, ಬಾನೆಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದ, ಬಗ್ಗಿ ಅಡಿಭಾಗ ನೋಡಿದ, "ಉಪ್ಪುಗಾಳಿ ತಿಂದ್ ಹಾಕಿದೆ. ಕಿಲೋ ಲೆಕ್ಕದಲ್ಲಿ ಇಪ್ಪತ್ತೈದು ಸಾವ್ರ ಆಗೂದು" ಎಂದ. ಗಂಗೂಬಾಯಿ ಒಂದು ಚೊಂಬು ನೀರು ತಂದು, ಅವನು ಕುಟ್ಟಿದ ಜಾಗಕ್ಕೆ ಸುರಿದು, ಸೆರಗಿನಿಂದ ಒರೆಸಿದಳು. ಗುಜರಿಯವನು ಚಹಕ್ಕೂ ಕಾಯದೆ ಹೊರಟುಹೋದ.

ಇದನ್ನೆಲ್ಲ ನೋಡುತ್ತ ಪಕ್ಕದಲ್ಲಿ ನಿಂತಿದ್ದವನು ಅವಳನ್ನು ಆಯಿ ಎಂದು ಕರೆಯುವ ಒಬ್ಬನೇ ಮಗ ಸಾಯಿನಾಥ. ವಯಸ್ಸು ಐವತ್ತು, ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತ. ಕೆಟ್ಟವನೇನಲ್ಲ. ಕೆಟ್ಟವನೇ ಆಗಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ, ಮಾಡುವುದನ್ನು ಮಾಡಿ ಮುಸುಕು ಹಾಕಿ ಮಲಗಿಬಿಡುತ್ತಿದ್ದ. ಅರ್ಧ ಒಳ್ಳೆಯವರ ಪಾಡೇ ಕಷ್ಟ ನೋಡಿ. ತಪ್ಪು ಮಾಡುವಾಗ ಕೈ ನಡುಗುವುದಿಲ್ಲ, ಆಮೇಲೆ ಊಟ ಗಂಟಲಲ್ಲಿ ಇಳಿಯುವುದಿಲ್ಲ.

ಕಾರು ಎಂದರೆ ಎಪ್ಪತ್ತೊಂಬತ್ತರ ಮಾಡೆಲ್ಲಿನ ಪ್ರೀಮಿಯರ್ ಪದ್ಮಿನಿ. ಪದ್ಮಿನಿ ಎಂದು ನಮ್ಮ ಕಡೆ ಯಾರೂ ಕರೆದವರಲ್ಲ ಬಿಡಿ, ಎಲ್ಲರ ಬಾಯಲ್ಲೂ ಫಿಯಟ್ಟೇ. ಕೆನೆ ಬಣ್ಣ, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಕೆಎ ಅಕ್ಷರ ಬರುವುದಕ್ಕೂ ಮುಂಚಿನ ನಂಬರು. ಗಂಗೂಬಾಯಿ ಬೇಲೆಕೇರಿಯಲ್ಲಿ ಸರ್ಕಾರಿ ನರ್ಸು. ಗಂಡ ತೀರಿಕೊಂಡು ಮೂರು ವರ್ಷದ ಮೇಲೆ, ಎಂಬತ್ತೆಂಟರಲ್ಲಿ, ಕಾರವಾರದ ಡಾಕ್ಟರೊಬ್ಬರಿಂದ ಇದನ್ನು ಕೊಂಡಳು. ಡ್ರೈವರನನ್ನು ಇಡುತ್ತಾಳೆ ಎಂದು ಊರು ತಿಳಿದುಕೊಂಡಿತ್ತು. ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ತಾನೇ ಸ್ಟೀರಿಂಗ್ ಹಿಡಿದು ಹಟ್ಟಿಕೇರಿಯ ಮನೆಯಿಂದ ಹೊರಟಾಗ, ಬಸ್‌ಸ್ಟಾಪಿನಲ್ಲಿ ನಿಂತಿದ್ದ ಗಂಡಸರೆಲ್ಲ ಬೀಡಿ ಸೇದುವುದನ್ನೇ ಮರೆತರಂತೆ. ಆಮೇಲೆ ಮೂವತ್ತು ವರ್ಷ ನರ್ಸಬಾಯಿಯ ಕಾರು ಓಡಿತು ಎಂದರೆ ಯಾರ ಮನೆಯಲ್ಲೋ ಹೆರಿಗೆ ನೋವು ಎಂದೇ ಲೆಕ್ಕ. ಕಾರವಾರದ ಆಸ್ಪತ್ರೆಗೆ ಹೊರಟ ಬಸುರಿಯೊಬ್ಬಳು ಬಿಣಗಾ ಘಟ್ಟದ ತಿರುವಿನಲ್ಲಿ, ಹಿಂದಿನ ಸೀಟಿನಲ್ಲೇ ಹಡೆದಳು. ಹಾಗೆ ಹುಟ್ಟಿದವನು ಸಂದೇಶ. ಈಗ ಹಟ್ಟಿಕೇರಿಯಲ್ಲಿ ಹೆದ್ದಾರಿ ಪಕ್ಕ ಅವನದೊಂದು ಗ್ಯಾರೇಜು ಇದೆ.

ಕಣ್ಣು ಮಂಜಾದ ಮೇಲೆ ಆಯಿ ಓಡಿಸುವುದನ್ನು ಬಿಟ್ಟಳು. ಎರಡು ವರ್ಷದ ಹಿಂದೆ ಕಾರವಾರದ ಹಬ್ಬುವಾಡಕ್ಕೆ, ಮಗನ ಮನೆಗೆ ಬಂದಳು. ಹಟ್ಟಿಕೇರಿಯ ಮನೆ ಬಾಡಿಗೆಗೆ ಹೋಯಿತು, ಕಾರಿನ ಶೆಡ್ಡನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ. ಭಾನುವಾರ ಭಾನುವಾರ ಸಂದೇಶ ಹೋಗಿ ಗಾಡಿ ಸ್ಟಾರ್ಟ್ ಮಾಡಿ, ಫೋನನ್ನು ಎಂಜಿನ್ನಿನ ಹತ್ತಿರ ಹಿಡಿಯುತ್ತಿದ್ದ. ಆಯಿ ಇಲ್ಲಿ ಹಬ್ಬುವಾಡದ ಜಗಲಿಯಲ್ಲಿ ಕುಳಿತು ಕೇಳಿಸಿಕೊಂಡು, "ಚೋಕ್ ಜಾಸ್ತಿ ಎಳ್ದಿದೀಯ, ಒಳಗೆ ತಳ್ಳು" ಎನ್ನುತ್ತಿದ್ದಳು. ಅವನು ತಳ್ಳುತ್ತಿದ್ದ.

ಸಾಯಿನಾಥನಿಗೆ ಹೊಸ ಕಾರು ಬೇಕಾಗಿತ್ತು. ಅಷ್ಟೇ ವಿಷಯ, ಸುತ್ತಿ ಬಳಸುವುದು ಯಾಕೆ? ಕಚೇರಿಯಲ್ಲಿ ಅವನಿಗಿಂತ ಹದಿನೈದು ವರ್ಷ ಚಿಕ್ಕವರೆಲ್ಲ ಕಾರಿನಿಂದ ಇಳಿದು ಕೀಲಿ ತಿರುಗಿಸುತ್ತ ಬರುವಾಗ ಇವನು ಒದ್ದೆ ರೈನ್‌ಕೋಟು ಕೊಡವುತ್ತ ನಿಲ್ಲಬೇಕಿತ್ತು. ಮನೆಯಲ್ಲಿ ಹೇಳಿದ್ದು ಮಾತ್ರ ಬೇರೆ. "ಆಯಿಯ ಮಂಡಿ ತೋರ್ಸೂಕೆ ಡಾಕ್ಟರ ಹತ್ರ ಕರ್ಕಂಡ್ ಹೋಗ್ಬೇಕಲ, ಒಂದು ಗಾಡಿ ಇದ್ರೆ ಚಲೋ." ಹೆಂಡತಿ ಭಾರತಿ ಬಸಳೆ ಹೆಚ್ಚುತ್ತಿದ್ದ ಕೈ ನಿಲ್ಲಿಸಿ ಅವನ ಮುಖ ನೋಡಿದಳು. ಮತ್ತೆ ಬಸಳೆ ಹೆಚ್ಚಿದಳು.

ಹಣ ಸಾಲದೆ ಬಂದದ್ದರಿಂದ ಫಿಯಟ್ಟಿನ ಮಾರಾಟದ ಮಾತು ಎದ್ದಿತು. ಆಯಿ ಬೇಡ ಎನ್ನಲಿಲ್ಲ. "ನ್ಯಾಯದ ರೇಟು ಬಂದ್ರೆ ನೋಡ್ವಾ" ಎಂದಳು. ಈ ನ್ಯಾಯದ ರೇಟು ಎಂಬುದೇ ಒಂದು ತಲೆನೋವಾಯಿತು. ಮೊಬೈಲಿನಲ್ಲಿ ನೋಡಿದರೆ ಇಂಥದೇ ಗಾಡಿಗೆ ಒಬ್ಬ ನಾಲ್ಕು ಲಕ್ಷ ಕೇಳುತ್ತಾನೆ, ಇನ್ನೊಬ್ಬ ಎಂಬತ್ತು ಸಾವಿರಕ್ಕೆ ತಗೊಂಡು ಹೋಗಿ ಮಾರಾಯರೇ ಅನ್ನುತ್ತಾನೆ. ನಾಲ್ಕು ಲಕ್ಷದ ಗಾಡಿ ಮೂರು ವರ್ಷದಿಂದ ಅಲ್ಲೇ ಬಿದ್ದಿದೆ ಎಂದು ಸಂದೇಶ ಹೇಳಿದ. ಸಾಯಿನಾಥ ಕಚೇರಿಯ ರೂಢಿಯಂತೆ ಕಾಗದದ ನಡುವೆ ಗೆರೆ ಎಳೆದು ಕುಳಿತ. ಎಂಜಿನ್ನು ಮೂಲದ್ದೇ, ಕೂಡಿಸು. ಕಾಲಡಿಯ ತಗಡು ಎರಡು ಕಡೆ ತೂತು, ಕಳೆ. ಕಾಗದಪತ್ರ ಚೊಕ್ಕ, ಕೂಡಿಸು. ಹಿಂದಿನ ಬಂಪರು ತುಕ್ಕು, ಕಳೆ. ಹೀಗೆ ಮೂರು ಸಲ ಮಾಡಿದ, ಮೂರು ಸಲವೂ ಬೇರೆ ಬೇರೆ ಮೊತ್ತ ಬಂತು. ಹಿಂದಿನ ಸೀಟಿನಲ್ಲಿ ಹುಟ್ಟಿದ ಮಗುವನ್ನು ಬರೆಯಲು ಆ ಕಾಗದದಲ್ಲಿ ಯಾವ ಕಡೆಯೂ ಜಾಗ ಇರಲಿಲ್ಲ.

ಕೊನೆಗೆ ಉಳಿದವರು ಇಬ್ಬರು. ಒಬ್ಬ ಸಂದೇಶ.

"ಅಣ್ಣಾ, ಅರವತ್ತು ಸಾವ್ರದ ಮೇಲೆ ನನ್ನ ಕೈಲಿ ಆಗೂದಿಲ್ಲೆ" ಎಂದ ಅವನು, ಗ್ರೀಸಿನ ಕೈಯನ್ನು ಬನಿಯನ್ನಿಗೆ ಒರೆಸಿಕೊಳ್ಳುತ್ತ. "ಆದ್ರೆ ಗಾಡಿ ರಸ್ತೆ ಮೇಲೇ ಇರ್ತದೆ. ಮದ್ವೆಗೆ ಬಿಡ್ವಾ, ಮದುಮಕ್ಕಳಿಗೆ ಈಗ ಹಳೇ ಗಾಡೀನೇ ಬೇಕು. ನರ್ಸಬಾಯಿ ಯಾವಾಗ ಕರದ್ರೂ ತಂದು ಬಾಗ್ಲಿಗೆ ನಿಲ್ಲಿಸ್ತೆ."

ಇನ್ನೊಬ್ಬ ದೇವಬಾಗದಲ್ಲಿ ರೆಸಾರ್ಟು ನಡೆಸುವ ರೋಷನ. ಅವನ ರೇಟು ಎರಡೂವರೆ ಲಕ್ಷ. ಮನುಷ್ಯ ದೊಡ್ಡ ಮಾತಿನವನು, ಆದರೆ ಮೋಸದವನಲ್ಲ. ಆಯಿಯ ಎದುರೇ ಕುಳಿತು ಹೇಳಿದ: "ಬಾಯಿ, ನಾ ಸುಳ್ಳು ಹೇಳೂದಿಲ್ಲ. ನನ್ನಲ್ಲಿ ಇದು ಓಡೂದಿಲ್ಲ. ಎಂಜಿನ್ ತೆಗ್ದು ತೋಟದಲ್ಲಿ ನಿಲ್ಲಿಸೂದು. ಟೂರಿಸ್ಟರು ಒಳಗೆ ಕೂತು ಫೋಟೋ ತೆಗೀತಾರೆ. ಪಾಲಿಶ್ ಮಾತ್ರ ಬರೋಬರಿ ಮಾಡಿಸ್ತೆ, ಕನ್ನಡಿ ಕಂಡಂಗೆ ಕಾಣೂದು."

ರೋಷನ ಹೋದ ಮೇಲೆ ಆಯಿ ಮಂಡಿ ನೀವಿಕೊಳ್ಳುತ್ತ ಹೇಳಿದಳು: "ಗಾಡಿ ಮಾರಿದ ಆ ಡಾಕ್ಟರ್ರು ಎಲ್ಲರಿಗೂ ನಲವತ್ತೆರಡು ಸಾವ್ರ ಹೇಳಿದ್ರು. ನಂಗೆ ಮೂವತ್ತಾರಕ್ಕೆ ಕೊಟ್ರು. ಎಂತಕೆ ಅಂತ ಕೇಳ್ದೆ. ನೀ ಓಡಿಸ್ತೀಯಲ, ಅದ್ಕೆ ಅಂದ್ರು."

"ಆ ಕಾಲ ಬೇರೆ ಆಯಿ. ಒಂದು ಲಕ್ಷ ತೊಂಬತ್ತು ಸಾವ್ರ ಫರಕು. ಪುಕ್ಕಟೆ ಬಿಟ್ಟಂಗಾಗ್ತದೆ."

"ನಿಂಗೆ ಎಂತ ಮಾಡೂಕೆ ಮನಸು?"

"ನಂಗೆಂತ? ನಿನ್ನ ಕಾರು. ನೀ ಬೇಡ ಅಂದ್ರೆ ಬೇಡ."

ಮಾತೇನೋ ಸರಿಯೇ. ಆದರೆ ಆ ದನಿ ಇತ್ತಲ್ಲ, ಅದನ್ನು ನೀವು ಕೇಳಬೇಕಿತ್ತು. ಊಟದ ಬಟ್ಟಲನ್ನು ಸ್ವಲ್ಪ ಜೋರಾಗಿ ಇಟ್ಟವರ ದನಿ. ಮಗನ ಮನೆಯಲ್ಲಿ, ಮಗನ ಅನ್ನ ಉಣ್ಣುತ್ತಿರುವ ತಾಯಿ ಆ ದನಿಗೆ ಎದುರಾಗಿ ಬೇಡ ಎನ್ನುವುದು ಸುಲಭವಲ್ಲ. ಊರೆಲ್ಲ ಹೆದರುತ್ತಿದ್ದ ನರ್ಸಬಾಯಿ ಸಾಯಿನಾಥನ ಮುಂದೆ ಬಾಯಿ ಕಟ್ಟಿದವಳ ಹಾಗೆ ಕುಳಿತಳು. ಅವನಿಗೆ ಅದು ಕಾಣಲಿಲ್ಲ. ಕಂಡರೂ ಕಾಣದ ಹಾಗೆ ಮಾಡಿದ ಎಂದು ಭಾರತಿ ಹೇಳುತ್ತಾಳೆ.

"ಹಂಗಾರೆ ಅಮ್ಮನ ಹತ್ರ ಪ್ರಸಾದ ಕೇಳ್ಕಂಡ್ ಬಾ" ಎಂದಳು ಆಯಿ.

ಪ್ರಸಾದ ಕೇಳುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಹೆಣ್ಣು ಕೊಡುವುದಿರಲಿ, ಬಾವಿ ತೋಡುವುದಿರಲಿ, ಮನಸ್ಸು ಎರಡಾದಾಗ ಊರ ದೇವಿಯ ಹತ್ತಿರ ಹೋಗುತ್ತಾರೆ. ಪೂಜೆ ಮಾಡುವ ಗುನಗ ಕಲ್ಲಿನ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಮಾಡಿದ ಕೇಪಳದ ಹೂವನ್ನು ಅಂಟಿಸುತ್ತಾನೆ. ಕೇಳುವವರು ಕೇಳಬೇಕಾದ್ದನ್ನು ಬಾಯಿಬಿಟ್ಟು ಕೇಳಬೇಕು. ದೇವಿಯ ಬಲಗಡೆಯ ಹೂ ಮೊದಲು ಬಿದ್ದರೆ ಹೌದು. ಎಡಗಡೆಯದು ಬಿದ್ದರೆ ಅಲ್ಲ. ಅದರ ಮೇಲೆ ಮಾತಿಲ್ಲ, ಯಾರ ಮೇಲೆ ಯಾರಿಗೂ ಸಿಟ್ಟೂ ಇಲ್ಲ. ಹೇಳಿದವಳು ದೇವಿ ತಾನೆ.

"ರೇಟು ಹೇಳಿಯೇ ಕೇಳು" ಎಂದಳು ಆಯಿ. "ಎರಡೂವರೆ ಲಕ್ಷಕ್ಕೆ ರೋಷನಗೆ ಕೊಡೂದು ನ್ಯಾಯವಾ ಅಂತ. ಬಲಕ್ಕಾದ್ರೆ ಕೊಟ್ಟುಬಿಡು. ಎಡಕ್ಕಾದ್ರೆ ಮತ್ತೆ ಆ ಮಾತೇ ಬೇಡ."

"ನೀ ಬರೂದಿಲ್ವಾ?"

"ಮಂಡಿ ಬಾತಿದೆ. ನೀ ಹೋಗಿ ಬಾ."

ಮಂಗಳವಾರ ಸಾಯಿನಾಥ ಸ್ಕೂಟರಿನಲ್ಲಿ ಹಟ್ಟಿಕೇರಿಗೆ ಹೋದ. ಹೋಗುವ ಮೊದಲೇ ಒಂದು ಕೆಲಸ ಮಾಡಿದ್ದ, ಅದನ್ನು ಮುಚ್ಚಿಡುವುದು ಸರಿಯಲ್ಲ. ರೋಷನನಿಂದ ಐವತ್ತು ಸಾವಿರ ಮುಂಗಡ ತೆಗೆದುಕೊಂಡು ಹೊಸ ಕಾರಿಗೆ ಕಟ್ಟಿಬಿಟ್ಟಿದ್ದ. ಬಿಳಿ ಬಣ್ಣ ಎಂದೂ ಬರೆಸಿಯಾಗಿತ್ತು. ದೇವಿ ಹೌದು ಎನ್ನುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಎರಡೂವರೆ ಲಕ್ಷವನ್ನು ಯಾರು ಬೇಡ ಅನ್ನುತ್ತಾರೆ?

ಗುಡಿಯಲ್ಲಿ ದತ್ತಾ ಗುನಗ ಒಬ್ಬನೇ ಇದ್ದ. ಹೂವನ್ನು ನೀರಿನಲ್ಲಿ ಅದ್ದಿ ಎರಡೂ ಕಡೆ ಅಂಟಿಸಿ ಹಿಂದೆ ಸರಿದು ನಿಂತ. ಸಾಯಿನಾಥ ಕೈಮುಗಿದು ಕೇಳಿದ. ಕೇಳಿ ಬಾಯಿ ಮುಚ್ಚುವಷ್ಟರಲ್ಲಿ ಎಡಗಡೆಯ ಹೂ ಬಿತ್ತು. ತಡವೂ ಇಲ್ಲ, ಅನುಮಾನವೂ ಇಲ್ಲ. ಪೀಠದ ಮೇಲೆ ಕೆಂಪಗೆ ಬಿದ್ದುಕೊಂಡಿತ್ತು.

"ಎಡಕ್ಕಾಯ್ತು" ಎಂದ ದತ್ತಾ.

"ಆ ಫ್ಯಾನಿನ ಗಾಳಿಗೆ ಬಿದ್ದಿದ್ದು ಅಲ್ವಾ ದತ್ತಾ?"

"ಕರೆಂಟೇ ಇಲ್ಲೆ ಬೆಳಿಗ್ಗಿಂದ."

"ಇನ್ನೊಂದು ಸಲ ಕೇಳ್ವಾ ಮಾರಾಯ."

"ಒಂದು ಮಾತು ಒಂದೇ ಸಲ ಕೇಳೂದು ಸಾಯಿನಾಥಣ್ಣ" ಎಂದು ಹೇಳಿ ದತ್ತಾ ಪ್ರಸಾದದ ಹೂವನ್ನು ಬಾಳೆ ಎಲೆಯಲ್ಲಿ ಕಟ್ಟಿ ಅವನ ಕೈಗಿಟ್ಟ.

ಹಬ್ಬುವಾಡದವರೆಗೆ ಅರ್ಧ ಗಂಟೆಯ ದಾರಿ. ಅಷ್ಟರಲ್ಲಿ ಸಾಯಿನಾಥ ಎಷ್ಟು ತರ್ಕ ಮಾಡಿದ ಎಂದರೆ, ಕಚೇರಿಯ ಕಡತಗಳಲ್ಲಿ ಅಷ್ಟು ಬುದ್ಧಿ ಓಡಿಸಿದ್ದರೆ ಎರಡು ಬಡ್ತಿ ಸಿಗುತ್ತಿತ್ತು. ಹೂವಿಗೆ ನೀರು ಕಡಿಮೆಯಾಗಿತ್ತು. ದತ್ತಾನಿಗೆ ವಯಸ್ಸಾಯಿತು, ಕೈ ಸರಿಯಿಲ್ಲ. ದೇವಿಗೆ ಕಾರಿನ ರೇಟು ಏನು ತಿಳಿಯುತ್ತದೆ? ಆಯಿಯೂ ಮಾರಲು ಒಪ್ಪಿದವಳೇ ತಾನೆ, ಸುಮ್ಮನೆ ಸಮಾಧಾನಕ್ಕೆ ಕಳಿಸಿದ್ದು. ಯಾರಿಗೆ ನಷ್ಟ ಇದರಲ್ಲಿ?

ಆಯಿ ಜಗಲಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಮಂಗಳವಾರ ಅವಳಿಗೆ ಒಪ್ಪೊತ್ತು, ಮೀನು ಮುಟ್ಟುವುದಿಲ್ಲ. ಮದುವೆಯಾಗಿ ಹಟ್ಟಿಕೇರಿಗೆ ಬಂದ ವರ್ಷದಿಂದ ಆ ದೇವಿಯ ವಾರ ಹಿಡಿದವಳು.

"ಯಾವ ಕಡೆ ಆಯ್ತು?"

"ಬಲಕ್ಕೆ."

"ಬೇಗ ಆಯ್ತಾ, ತಡ ಆಯ್ತಾ?"

"ಕೇಳಿದ ಕೂಡ್ಲೇ ಆಯ್ತು."

ಆಯಿ ಬಾಳೆ ಎಲೆಯ ಪೊಟ್ಟಣ ಬಿಚ್ಚಲಿಲ್ಲ. ಕಣ್ಣಿಗೊತ್ತಿಕೊಂಡು, "ಹಂಗಾರೆ ಕೊಟ್ಟುಬಿಡು" ಎಂದಳು. ಮುಖ ಸ್ವಲ್ಪ ಬಿಳಿಚಿಕೊಂಡ ಹಾಗೆ ಅವನಿಗೆ ಕಂಡಿತು. ಊಟ ಮಾಡದ ನಿತ್ರಾಣ ಎಂದು ತನಗೆ ತಾನೇ ಹೇಳಿಕೊಂಡ.

ಮುಂದಿನ ವಾರ ಫಿಯಟ್ಟನ್ನು ಲಾರಿಗೆ ಹತ್ತಿಸಿ ದೇವಬಾಗಕ್ಕೆ ಒಯ್ದರು. ಹತ್ತಿಸಲು ಸಂದೇಶನೇ ಬಂದು ಹಗ್ಗ ಕಟ್ಟಿದ. ರೇಟಿನ ಬಗ್ಗೆ ಒಂದು ಮಾತು ಎತ್ತಲಿಲ್ಲ. "ಅಮ್ಮ ಬಲಕ್ಕೆ ಕೊಟ್ರೆ ಮತ್ತೆಂತ ಅಣ್ಣಾ, ಮುಗೀತು" ಎಂದ. ಎಷ್ಟು ಮನಸಾರೆ ಹೇಳಿದ ಎಂದರೆ ಸಾಯಿನಾಥ ಶೂ ದಾರ ಕಟ್ಟಿಕೊಳ್ಳುವವನ ಹಾಗೆ ಬಗ್ಗಿಬಿಟ್ಟ. ಕಾಲಲ್ಲಿದ್ದದ್ದು ಚಪ್ಪಲಿ.

ಹೊಸ ಕಾರು ಬಂತು. ಬಿಳಿಯದೇ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ್ದಾಯಿತು, ಕಚೇರಿಯಲ್ಲಿ ಪೇಡೆ ಹಂಚಿದ್ದಾಯಿತು. ಆಯಿಯನ್ನು ಮಂಡಿಯ ಡಾಕ್ಟರ ಹತ್ತಿರ ಒಂದು ಸಲ ಕರೆದುಕೊಂಡು ಹೋದದ್ದೂ ಆಯಿತು, ಹೇಳಿದ ಮಾತಿಗೆ ತಪ್ಪಬಾರದಲ್ಲ.

ಹಾಗಿರುವಾಗ ಒಂದು ಮಂಗಳವಾರ ಮೀನಿನ ಹೆಂಗಸು ಬುಟ್ಟಿ ಇಳಿಸಿದಾಗ ಆಯಿ ಜಗಲಿಯಿಂದ, "ಭಾರತೀ, ಬಂಗಡೆ ಚಲೋ ಇದ್ರೆ ತಗ. ಹುಳಿ ಖಾರ ಮಾಡು, ನಾನೂ ಉಣ್ತೆ" ಎಂದಳು.

ಭಾರತಿ ಅಲ್ಲೇ ನಿಂತಳು. "ಅತ್ತೆ, ಇವತ್ತು ಮಂಗಳವಾರ."

"ಗೊತ್ತು."

ಆ ಮಧ್ಯಾಹ್ನ ಆಯಿ ಎರಡು ಬಂಗಡೆ ತಿಂದಳು. ಮುಂದಿನ ಮಂಗಳವಾರವೂ ತಿಂದಳು, ಅದರ ಮುಂದಿನದೂ. ದೇವರ ಮುಂದೆ ಸಂಜೆಯ ದೀಪವನ್ನು ಭಾರತಿಯೇ ಹಚ್ಚತೊಡಗಿದಳು. ನಾಲ್ಕನೆಯ ಮಂಗಳವಾರ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದ ಸಾಯಿನಾಥನಿಗೆ ತಡೆಯಲಾಗಲಿಲ್ಲ. "ಆಯಿ, ವಾರ ಎಂತಕೆ ಬಿಟ್ಟೆ?" ಎಂದು ಕೇಳಿದ.

ಆಯಿ ಮುಳ್ಳು ಬಿಡಿಸುತ್ತ ಹೇಳಿದಳು: "ಐವತ್ತೆರಡು ವರ್ಷ ಹಿಡ್ದೆ. ಒಂದೇ ಒಂದು ಸಲ ಒಂದು ಕೇಳ್ದೆ. ಕೊಡ್ಲಿಲ್ಲ."

"ಎಂತ ಕೇಳಿದ್ದೆ?"

"ಎಡಕ್ಕೆ ಕೊಡು ತಾಯಿ ಅಂತ." ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. "ನಿನ್ನ ಎದುರು ಬೇಡ ಅನ್ನೂಕೆ ನಂಗೆ ಬಾಯಿ ಬರಲಿಲ್ಲ ಮಗಾ. ನಿಂಗೆ ಅಷ್ಟು ಆಸೆ ಇತ್ತು. ನಾ ಹೇಳಿದ್ರೆ ಆಯಿ ಅಡ್ಡ ಬಂದ್ಲು ಅಂತ ನಿಂಗೆ ಮನಸಲ್ಲಿ ಉಳೀತದೆ. ಅಮ್ಮ ಹೇಳಿದ್ರೆ ಯಾರಿಗೂ ಬೇಜಾರಿಲ್ಲ. ಅವಳು ನನ್ನ ಪರವಾಗಿ ಹೇಳ್ತಾಳೆ ಅಂದ್ಕಂಡಿದ್ದೆ. ಹಿಂದಿನ ರಾತ್ರಿ ನಿದ್ದೆ ಮಾಡ್ದೆ ಕೇಳ್ಕಂಡಿದ್ದೆ. ಹೋಗ್ಲಿ. ನನ್ನ ಮಾತು ಅವಳಿಗೆ ಮುಟ್ಟಲಿಲ್ಲ. ಮುಟ್ಟದ ಮೇಲೆ ವಾರ ಎಂತಕೆ, ಮೀನು ಬಿಡೂದು ಎಂತಕೆ?"

ಸಾಯಿನಾಥನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಬರೀ ಒಂದು ಕಾರಿನ ವಿಷಯಕ್ಕೆ ಸುಳ್ಳು ಹೇಳಿದ್ದೆ ಎಂದುಕೊಂಡಿದ್ದ ಅವನು. ಯಾರಿಗೆ ನಷ್ಟ ಎಂದು ಕೇಳಿಕೊಂಡಿದ್ದ. ಈಗ ನೋಡಿದರೆ ಎಪ್ಪತ್ತಾರು ವರ್ಷದ ಮುದುಕಿಯಿಂದ ಅವಳ ದೇವಿಯನ್ನೇ ಕಿತ್ತುಕೊಂಡು ಕುಳಿತಿದ್ದಾನೆ. ಹೇಳಿಬಿಡಬೇಕು ಎಂದು ಬಾಯಿ ತೆರೆದ. "ಮಜ್ಜಿಗೆ ಹಾಕು" ಎಂಬ ಮಾತು ಬಂತು.

ಮರುದಿನ ಕಚೇರಿಗೆ ರಜೆ ಹಾಕಿ, ಸದಾಶಿವಗಡ ದಾಟಿ ದೇವಬಾಗಕ್ಕೆ ಹೋದ. ಕಾರನ್ನು ವಾಪಸು ತಂದು ನಿಲ್ಲಿಸಿಬಿಟ್ಟರೆ ಬಾಯಿಬಿಟ್ಟು ಹೇಳುವ ಕಷ್ಟ ಅರ್ಧ ಕಡಿಮೆಯಾಗುತ್ತದೆ ಎಂಬ ಲೆಕ್ಕ. ರೋಷನ ತೋಟಕ್ಕೆ ಕರೆದುಕೊಂಡು ಹೋಗಿ ಹೆಮ್ಮೆಯಿಂದ ತೋರಿಸಿದ. ಗಾಳಿಮರದ ನೆರಳಿನಲ್ಲಿ ಫಿಯಟ್ಟು ಫಳಫಳ ಹೊಳೆಯುತ್ತಿತ್ತು. ಬಾನೆಟ್ಟು ತೆರೆದು ಎಂಜಿನ್ನು ಇದ್ದ ಜಾಗದಲ್ಲಿ ಮಣ್ಣು ತುಂಬಿ ಬಣ್ಣಬಣ್ಣದ ಹೂವಿನ ಗಿಡ ನೆಟ್ಟಿದ್ದರು. ಎಂಜಿನ್ನನ್ನು ಗೋವೆಯ ಯಾರಿಗೋ ಕೊಟ್ಟು ಹದಿನೈದು ದಿನವಾಗಿತ್ತು.

"ವಾಪಸ್ ಬೇಕಾದ್ರೆ ಕೊಡ್ತೆ, ನಾ ಇಲ್ಲ ಅನ್ನೂದಿಲ್ಲ" ಎಂದ ರೋಷನ, ಅವನ ಮುಖ ನೋಡಿ. "ಆದ್ರೆ ಇದು ಇನ್ನು ಕಾರಲ್ಲ ಸಾಯಿನಾಥರೆ. ಕುಂಡ."

ಮನೆಗೆ ಬಂದಾಗ ನಾಲ್ಕು ಗಂಟೆ. ಆಯಿ ಜಗಲಿಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಭಾರತಿ ಹತ್ತಿರದಲ್ಲೇ ಒಣಗಿದ ಬಟ್ಟೆ ಮಡಚುತ್ತಿದ್ದಳು. ಸಾಯಿನಾಥ ಚಪ್ಪಲಿ ಬಿಡದೆ ಮೆಟ್ಟಿಲ ಮೇಲೆ ನಿಂತು ಹೇಳಿದ. "ಆಯಿ, ಅವತ್ತು ಎಡಕ್ಕೇ ಆಗಿತ್ತು. ನಾ ಸುಳ್ಳು ಹೇಳ್ದೆ."

ಭಾರತಿಯ ಕೈಯಲ್ಲಿನ ಸೀರೆ ಅರ್ಧ ಮಡಚಿ ನಿಂತಿತು. ಬೈಗುಳ ಬರುತ್ತದೆ ಎಂದು ಅವನು ಕಾಯ್ದ. ಮೊರವನ್ನು ಎತ್ತಿ ಬಿಸಾಡುತ್ತಾಳೆ ಎಂದೂ ಅಂದುಕೊಂಡ, ಹಾಗೆ ಮಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಆಯಿ ಮಾತ್ರ ಕಣ್ಣು ಕಿರಿದು ಮಾಡಿ ಅವನನ್ನೇ ನೋಡಿದಳು.

"ಎಡಕ್ಕಾ? ಸರಿ ನೋಡಿದ್ಯಾ ನೀನು?"

"ಎಡಕ್ಕೇ ಆಯಿ. ದತ್ತಾನೂ ನೋಡಿದಾನೆ."

"ತಡ ಆಯ್ತಾ?"

"ಇಲ್ಲೆ. ಕೇಳಿ ಬಾಯಿ ಮುಚ್ಚೂಕೂ ಬಿಡ್ಲಿಲ್ಲ. ಆಗ್ಲೇ ಬಿತ್ತು."

ಆಯಿಯ ಮುಖದಲ್ಲಿ ಆದ ಬದಲಾವಣೆಗೆ ಸಾಯಿನಾಥ ತಯಾರಿರಲಿಲ್ಲ. ಅವಳು ನಕ್ಕಳು. ಹಲ್ಲಿಲ್ಲದ ಕಡೆ ಕೈ ಅಡ್ಡ ಇಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. "ಕೇಳ್ಸಿದೆ ಅವಳಿಗೆ" ಎಂದಳು ಭಾರತಿಯ ಕಡೆ ತಿರುಗಿ. "ನಾ ಹೇಳಿದ್ದು ಬರೋಬರಿ ಕೇಳ್ಸಿದೆ. ನೋಡು ಮಾರಾಯ್ತಿ, ಬಾಯಿ ಮುಚ್ಚೂಕೂ ಬಿಡ್ಲಿಲ್ಲ ಅಂತೆ." ಕಾರಿನ ಮಾತು ಅವಳ ಬಾಯಲ್ಲಿ ಬರಲೇ ಇಲ್ಲ. ಎರಡೂವರೆ ಲಕ್ಷವೂ ಬರಲಿಲ್ಲ.

ಮುಂದಿನ ಮಂಗಳವಾರ ಬೆಳಿಗ್ಗೆ ಮೂವರೂ ಹೊಸ ಕಾರಿನಲ್ಲಿ ಹಟ್ಟಿಕೇರಿಗೆ ಹೋದರು. ಬಾತ ಮಂಡಿಯಲ್ಲೇ, ಭಾರತಿಯ ಹೆಗಲು ಹಿಡಿದು ಆಯಿ ಗುಡಿಯ ಮೆಟ್ಟಿಲು ಹತ್ತಿದಳು. ಮೀನು ತಿಂದ ನಾಲ್ಕು ಮಂಗಳವಾರಕ್ಕೆ ನಾಲ್ಕು ತೆಂಗಿನಕಾಯಿ ಒಡೆಸಿದಳು. "ತಪ್ಪಾಯ್ತು ತಾಯಿ" ಎಂದು ಗಟ್ಟಿಯಾಗಿಯೇ ಹೇಳಿ ಗಲ್ಲ ಬಡಿದುಕೊಂಡಳು. "ನೀ ಹೇಳಿದ್ದೆ. ನಾ ಸುಮ್ನೆ ನಿನ್ನ ಮೇಲೆ ಸಿಟ್ಟು ಮಾಡ್ಕಂಡೆ." ತಪ್ಪು ಯಾರದು, ಗಲ್ಲ ಬಡಿದುಕೊಳ್ಳುತ್ತಿರುವವರು ಯಾರು ಎಂದು ನೋಡುತ್ತ ಸಾಯಿನಾಥ ಕಂಬದ ಹತ್ತಿರ ನಿಂತಿದ್ದ. ದತ್ತಾ ಗುನಗ ಅವನ ಕಡೆ ಒಂದು ಸಲ ನೋಡಿ, ಮಂಗಳಾರತಿಯ ತಟ್ಟೆಯನ್ನು ಅವನ ಮುಂದೆಯೂ ಹಿಡಿದ.

ವಾಪಸು ಬರುವಾಗ ಹೆಂಗಸರಿಬ್ಬರೂ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಬಿಣಗಾ ಘಟ್ಟ ಇಳಿಯುವವರೆಗೂ ಸಾಯಿನಾಥ ತಡೆದುಕೊಂಡ. ಆಮೇಲೆ, "ಆಯಿ, ಒಂದ್ಸಲ ನಂಗೆ ಬೈದಾದ್ರೂ ಬೈ" ಎಂದ.

"ಬೈದು ಎಂತ ಮಾಡೂದು? ರಸ್ತೆ ನೋಡು" ಎಂದಳು ಆಯಿ. ದನಿಯಲ್ಲಿ ಸಿಟ್ಟಿರಲಿಲ್ಲ. ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ರೋಗಿಯ ಮನೆಯವರಿಗೆ ಹೇಳುತ್ತಿದ್ದಳಲ್ಲ, ಅದೇ ದನಿ. ಆಮೇಲೆ ಭಾರತಿಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ಇನ್ನು ಅಮ್ಮನ ಹತ್ರ ಎಂತಾರೂ ಕೇಳೂದಿದ್ರೆ ನೀ ಹೋಗ್ ಬಾ ಭಾರತೀ. ಅವನ್ನ ಕಳ್ಸೂದು ಬೇಡ."

"ಆಯ್ತು ಅತ್ತೆ" ಎಂದಳು ಭಾರತಿ.